21ನೇ ದಿನ ಮುಚ್ಚಳ ತೆಗೆದೆ

ಸೋಮವಾರ ಸಂಜೆ ಬಚ್ಚಲಮನೆ ಹಿಂದೆ ಹಳೇ ಪೇಪರ್ ಹಾಸಿಕೊಂಡು ಕೂತು 11 ಮೊಟ್ಟೆ ಒಡೆದೆ. ಮಳೆ ಸ್ವಲ್ಪ ಬಿಟ್ಟಿತ್ತು. ಮಗಳು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದಳು. ಬೇಡ, ಒಳಗೆ ಹೋಗು ಅಂದೆ. ಹೋಗಲಿಲ್ಲ. ಒಂದೊಂದು ಒಡೆದಾಗಲೂ ನಾನು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಮೊಟ್ಟೆಗೆ ಕಾವು ಕೊಡುವ ಮೆಷಿನ್ ಪೆಟ್ಟಿಗೆ, ಇನ್‌ಕ್ಯುಬೇಟರ್‌ಗೆ ಇಟ್ಟಿದ್ದು 28 ನಾಟಿ ಕೋಳಿ ಮೊಟ್ಟೆ. ಮರಿಯಾಗಿ ಬಂದಿದ್ದು 9. ಏಳನೇ ದಿನ ಕತ್ತಲೆಯಲ್ಲಿ ಬೆಳಕು ಹಿಡಿದು ನೋಡಿದಾಗಲೇ 5 ಖಾಲಿ ಇದ್ದವು. ಎರಡರಲ್ಲಿ ಕೆಂಪು ದಾರದ ಹಾಗೆ ರಕ್ತದ ಉಂಗುರ ಕಟ್ಟಿತ್ತು. ಅಂದರೆ ಜೀವ ಶುರುವಾಗಿ ಅಲ್ಲೇ ನಿಂತಿತ್ತು. 18ನೇ ದಿನ ಇನ್ನೊಂದನ್ನು ತೆಗೆದೆ. ಉಳಿದ 20ರ ಮೇಲೆ ನನ್ನ ಆಸೆಯೆಲ್ಲ ಇತ್ತು.

ಮೊಟ್ಟೆ ಕೊಟ್ಟವರ ಮೇಲೆ ನನಗೆ ಬೇಜಾರಿಲ್ಲ. 28ರಲ್ಲಿ 5 ಖಾಲಿ ಅಂದರೆ ಅವರ ಹುಂಜ ಚೆನ್ನಾಗಿಯೇ ಇದೆ. ಬಸ್ಸಿನಲ್ಲಿ ಕುಲುಕಿಕೊಂಡು ಬಂದ ಮೊಟ್ಟೆಗಳನ್ನು ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಹಾಗೇ ಇಡು ಅಂತ ಫೋನ್ ಮಾಡಿ ನೆನಪಿಸಿದ್ದೂ ಅವರೇ. ಬೇಜಾರಿರುವುದು ಮೆಷಿನ್ ಮಾರಿದವನ ಮೇಲೆ. ಭಾನುವಾರ ಫೋನ್ ಮಾಡಿದರೆ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. "ನಮ್ಮ ಮೆಷಿನ್ ಪರ್ಫೆಕ್ಟ್ ಮೇಡಂ, ನಿಮ್ಮ ಕಡೆ ಕರೆಂಟ್ ಸರಿ ಇಲ್ಲ" ಅಂದ. ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. 11ನೇ ದಿನ 5 ಗಂಟೆ ಇರಲಿಲ್ಲ, ನಿಜ. ಕಂಬಳಿ ಹೊದಿಸಿ, ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಟ್ಟು ಕಾದಿದ್ದೆ. ಆದರೆ ಕೆಲವು ಗಂಟೆ ತಂಪಾದರೆ ಮೊಟ್ಟೆ ಅಷ್ಟು ಸುಲಭವಾಗಿ ಸಾಯುವುದಿಲ್ಲ, ಮರಿ ಬರುವುದು ತಡವಾಗುತ್ತದೆ ಅಷ್ಟೇ. ಅದಕ್ಕೆ ನಿಜವಾಗಿ ಕುತ್ತು ಅಂದರೆ ಬಿಸಿ ಜಾಸ್ತಿಯಾಗುವುದು. ಇದನ್ನು ಅವನಿಗೆ ಹೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ಶನಿವಾರದ ವಿಷಯಕ್ಕೆ ಬರುತ್ತೇನೆ. ವಾರವೆಲ್ಲ ತಲೆಯಲ್ಲಿ ಸುತ್ತುತ್ತಿರುವುದು ಅದೊಂದೇ.

ಶುಕ್ರವಾರ ರಾತ್ರಿ ಒಂಬತ್ತಕ್ಕೆ ಮೊದಲ ಮೊಟ್ಟೆ ಬಿರಿಯಿತು. ಮೆಣಸಿನ ಕಾಳಿನಷ್ಟು ತೂತು. ಪೆಟ್ಟಿಗೆಗೆ ಕಿವಿ ಇಟ್ಟರೆ ಒಳಗಿಂದ ಚಿಂವ್ ಚಿಂವ್. ಮಗಳು, ನಾನು, ಇವರು ಮೂವರೂ ಊಟ ಬಿಟ್ಟು ಅದರ ಸುತ್ತ ಕೂತೆವು. ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ ತೂತು ಅಷ್ಟೇ ಇದೆ. ಎಂಟು ಗಂಟೆಗೂ ಅಷ್ಟೇ. ಸದ್ದು ಮಾತ್ರ ಸಣ್ಣದಾಗಿತ್ತು. ಪಾಪ, ಸುಸ್ತಾಗಿದೆ, ಹೊರಗೆ ಬರಲು ಆಗುತ್ತಿಲ್ಲ ಅನ್ನಿಸಿತು. ಮುಚ್ಚಳ ತೆಗೆದೆ.

ತೆಗೆದ ತಕ್ಷಣ ಮೊದಲು ಆಗಿದ್ದು ಏನು ಅಂದರೆ, ಮುಚ್ಚಳದ ಗಾಜಿನ ಮೇಲೆ ಕಟ್ಟಿದ್ದ ಮಂಜು ಮಾಯವಾಯಿತು. ಹಾಲಿನ ಹಾಗೆ ಬೆಳ್ಳಗಿದ್ದ ಗಾಜು ಒಂದೇ ಕ್ಷಣದಲ್ಲಿ ತಿಳಿಯಾಯಿತು. ಆಗ ನನಗೆ ಅದು ಒಳ್ಳೆಯದೇ ಅನ್ನಿಸಿತ್ತು, ಈಗ ಚೆನ್ನಾಗಿ ಕಾಣುತ್ತೆ ಅಂತ. ಈ ವಾರ ಎಷ್ಟು ಸಲ ಆ ಗಾಜು ಕಣ್ಣ ಮುಂದೆ ಬಂದಿದೆಯೋ! ಆ ಮಂಜು ಮರಿಗಳ ಪಾಲಿಗೆ ಉಸಿರಿನಷ್ಟೇ ಮುಖ್ಯವಾಗಿತ್ತು.

ಉಗುರಿನ ತುದಿಯಿಂದ ಸ್ವಲ್ಪ ಚಿಪ್ಪು ಎಬ್ಬಿಸಿದೆ. ಒಂದು ಹನಿ ರಕ್ತ ಬಂತು. ಹೆದರಿ ಮುಚ್ಚಿದೆ. ಅರ್ಧ ಗಂಟೆಗೆ ಮತ್ತೆ ತೆಗೆದೆ. ಒದ್ದೆ ಬಟ್ಟೆ ಮುಟ್ಟಿಸಿದೆ. ಮುಚ್ಚಿದೆ. ಮತ್ತೆ ತೆಗೆದೆ. ಈ ನಡುವೆ ಬೇರೆ ಮೊಟ್ಟೆಗಳೂ ಬಿರಿಯಲು ಶುರುಮಾಡಿದ್ದವು. ಅವುಗಳ ಕಡೆ ನನ್ನ ಗಮನವೇ ಇರಲಿಲ್ಲ.

ಹನ್ನೊಂದರ ಹೊತ್ತಿಗೆ ಆಚೆಮನೆ ಅಜ್ಜಿ ಕರಿಬೇವು ಕೇಳಿಕೊಂಡು ಬಂದರು. ಪೆಟ್ಟಿಗೆ ನೋಡಿದರು.

"ಎಷ್ಟು ಸಲ ತೆಗೆದೆ?"

"ಏಳು ಸಲ ಇರಬಹುದು."

"ಕೊನೆ ಮೂರು ದಿನ ಹೇಂಟೆ ಎದ್ದು ಹೋಗುತ್ತಾ?"

ನಾನು ಏನೂ ಹೇಳಲಿಲ್ಲ. ಅವರೂ ಉತ್ತರಕ್ಕೆ ಕಾಯಲಿಲ್ಲ. ಕರಿಬೇವು ಸೆರಗಿಗೆ ಕಟ್ಟಿಕೊಂಡು ಹೋದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಕೊನೆ ಮೂರು ದಿನ ಹೇಂಟೆ ಎದ್ದು ಹೋಗುತ್ತಾ? ಪಾತ್ರೆ ತೊಳೆಯುವಾಗ, ಮಲಗಿದಾಗ, ಬಸ್ಸಿಗೆ ಕಾಯುವಾಗ, ಆ ಮಾತೇ ಕೇಳಿಸುತ್ತಿದೆ.

ಆಮೇಲೆ ಓದಿ ತಿಳಿದುಕೊಂಡೆ. ಮೊದಲ ತೂತು ಬಿದ್ದ ಮೇಲೆ ಮರಿ 12ರಿಂದ 24 ಗಂಟೆ ಸುಮ್ನೆ ಇರುವುದೇ ಸರಿಯಂತೆ. ಸುಮ್ನೆ ಅಂದರೆ ಸುಮ್ನೆ ಅಲ್ಲ. ಅದುವರೆಗೆ ಪೊರೆಯ ರಕ್ತನಾಳಗಳಿಂದ ಉಸಿರಾಡುತ್ತಿದ್ದ ಜೀವ ಆಗ ಶ್ವಾಸಕೋಶಕ್ಕೆ ಹೊರಳಿಕೊಳ್ಳುತ್ತಿರುತ್ತದೆ. ಪೊರೆಯಲ್ಲಿ ಉಳಿದ ರಕ್ತವನ್ನು ಮೈಗೆ ಎಳೆದುಕೊಳ್ಳುತ್ತಿರುತ್ತದೆ. ಹಳದಿ ಭಂಡಾರ ಪೂರ್ತಿ ಹೊಟ್ಟೆಯೊಳಗೆ ಹೋಗಬೇಕು. ಹುಟ್ಟಿದ ಮರಿ ಎರಡು ದಿನ ಏನೂ ತಿನ್ನದೆ ಇರುವುದು ಅದೇ ಹಳದಿಯ ಬಲದಿಂದ. ನಾನು ಸುಸ್ತು ಅಂದುಕೊಂಡಿದ್ದು ಅದರ ಕೆಲಸದ ಹೊತ್ತು. ನನ್ನ ಉಗುರಿಗೆ ಬಂದ ರಕ್ತದ ಹನಿ ಅದರ ಒಳಗೆ ಸೇರಬೇಕಾಗಿದ್ದ ರಕ್ತ.

ಸೋಮವಾರ ಒಡೆದ 11ರಲ್ಲಿ 3 ಬಿರಿದು ಸತ್ತವು. ಒದ್ದೆಯಾಗಿ, ಬೆಳ್ಳಗೆ, ಮೆತ್ತಗೆ ಇರಬೇಕಾದ ಪೊರೆ ಈರುಳ್ಳಿಯ ಒಣ ಸಿಪ್ಪೆಯ ಹಾಗೆ ಕಂದಾಗಿ ಮರಿಯ ಮೈಗೆ ಅಂಟಿಕೊಂಡಿತ್ತು. ಕೊಕ್ಕು ಹೊರಗೆ. ತಿರುಗಲು ಜಾಗವೇ ಇಲ್ಲ. ಆ ಮೂರರ ಲೆಕ್ಕ ನನ್ನದು. ಇನ್ನೊಂದು ಮರಿಯ ತಲೆ ಚೂಪು ತುದಿಗೆ ತಿರುಗಿತ್ತು. ಮರಿ ಮೊದಲ ಉಸಿರು ಎಳೆದುಕೊಳ್ಳುವ ಗಾಳಿಯ ಗೂಡು ಇರುವುದು ದಪ್ಪ ತುದಿಯಲ್ಲಿ, ಆ ಮರಿಗೆ ಅದು ಸಿಗಲಿಲ್ಲ. ಎರಡರಲ್ಲಿ ಇನ್ನೂ ಪುಕ್ಕ ಪೂರ್ತಿ ಬಂದಿರಲಿಲ್ಲ.

ಉಳಿದ ಐದು ನನಗೆ ಅರ್ಥವೇ ಆಗಲಿಲ್ಲ. ಪೂರ್ತಿ ಬೆಳೆದ ಮರಿಗಳು. ದಪ್ಪಗೆ ಊದಿದ ಹಾಗಿದ್ದವು. ಒಳಗೆಲ್ಲ ಅಂಟು ನೀರು. ಗಾಳಿಯ ಗೂಡು ನೋಡಿದರೆ ಎಂಟಾಣೆ ಅಗಲ ಕೂಡ ಇಲ್ಲ. ಒಂದೂ ಬಿರಿದಿರಲಿಲ್ಲ. ಮುಚ್ಚಳ ತೆಗೆದದ್ದಕ್ಕೆ ಒಣಗಿ ಸತ್ತವು ಇವಲ್ಲ. ಇವು ನೀರು ಜಾಸ್ತಿಯಾಗಿ ಸತ್ತವು.

ಅದನ್ನು ಹುಡುಕಿದ್ದು ಮಗಳು. ತೇವಾಂಶ ತೋರಿಸುವ ಮೀಟರ್ ಸರಿ ಇದೆಯಾ ಅಂತ ನೋಡಲು ಒಂದು ಉಪಾಯವಿದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಲವು ಹನಿ ನೀರು ಬಿಟ್ಟು ಗಂಜಿಯ ಹಾಗೆ ಮಾಡಬೇಕು. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ರಾತ್ರಿ ಇಡಬೇಕು. ಬೆಳಿಗ್ಗೆ ಮೀಟರ್ ಶೇಕಡಾ 75 ತೋರಿಸಬೇಕು. ನಮ್ಮದು 62 ತೋರಿಸಿತು. ಅಂದರೆ ನಾನು 55 ಅಂತ ನೋಡಿ ಸಮಾಧಾನವಾಗಿದ್ದ ದಿನಗಳಲ್ಲಿ ಒಳಗೆ 68ರ ಹತ್ತಿರ ಇತ್ತು. ಅಷ್ಟು ತೇವ ಬೇಕಾಗಿದ್ದು ಕೊನೆಯ ಮೂರು ದಿನಕ್ಕೆ. ಮೊದಲ 18 ದಿನ 45ರಿಂದ 50 ಸಾಕು. ಮೊಟ್ಟೆ ಆ ದಿನಗಳಲ್ಲಿ ಒಣಗಬೇಕು. 45 ಗ್ರಾಂ ಮೊಟ್ಟೆ 18 ದಿನಕ್ಕೆ 5-6 ಗ್ರಾಂ ಇಳಿಯಬೇಕು. ಹಾಗೆ ಇಳಿದಾಗಲೇ ಗಾಳಿಯ ಗೂಡು ದೊಡ್ಡದಾಗುವುದು. ಅಡುಗೆಮನೆಯಲ್ಲಿ ತಕ್ಕಡಿ ಇದೆ. ಒಂದು ದಿನವೂ ತೂಗಿ ನೋಡಿರಲಿಲ್ಲ.

ತೇವಕ್ಕೆಂದು ನೀರು ಹಾಕಲು ಪೆಟ್ಟಿಗೆಯೊಳಗೆ ಎರಡು ಸಣ್ಣ ಕಾಲುವೆ ಇವೆ. ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ 'ಎರಡೂ ಕಾಲುವೆಗೆ ನೀರು ತುಂಬಿಸಿ' ಅಂತ ಬರೆದಿತ್ತು. ಯಾವ ಊರಿಗೆ, ಯಾವ ತಿಂಗಳಿಗೆ ಅಂತ ಬರೆದಿರಲಿಲ್ಲ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಒಗೆದ ಬಟ್ಟೆ ನಾಲ್ಕು ದಿನ ಒಣಗುವುದಿಲ್ಲ. ಹೊರಗೆ 24 ಡಿಗ್ರಿ ಇದ್ದು ಗಾಳಿ ಪೂರ್ತಿ ತೇವವಾಗಿದ್ದರೆ, ಅದೇ ಗಾಳಿ ಪೆಟ್ಟಿಗೆಯೊಳಗೆ 37.5ಕ್ಕೆ ಕಾದಾಗ 45ರ ಆಸುಪಾಸಿನ ತೇವ ತಾನಾಗಿಯೇ ಇರುತ್ತದೆ. ಒಂದು ಹನಿ ನೀರೂ ಹಾಕಬೇಕಾಗಿಲ್ಲ! ರಾಯಚೂರಿನ ಏಪ್ರಿಲ್‌ಗೂ ನಮ್ಮ ಜೂನ್‌ಗೂ ಒಂದೇ ಮಾತು ಬರೆದವರಿಗೆ ಮಳೆ ಗೊತ್ತಿಲ್ಲ. ಆದರೆ ನನಗೆ ಗೊತ್ತಿತ್ತಲ್ಲ. ಈ ಮಳೆಯಲ್ಲೇ ಹುಟ್ಟಿ ಬೆಳೆದವಳು ನಾನು.

ನಾನು ಕೈ ಹಾಕಿದ ಆ ಮೊದಲ ಮೊಟ್ಟೆಯ ಮರಿ ಶನಿವಾರ ರಾತ್ರಿ ಹೊರಗೆ ಬಂತು. ಬದುಕಿದೆ. ಉಳಿದ ಎಂಟರ ಜೊತೆ ಬಲ್ಬಿನ ಕೆಳಗೆ ಓಡಾಡುತ್ತಿದೆ. ಇವರು ಅದನ್ನು ಅಂಗೈಯಲ್ಲಿ ಎತ್ತಿ ತೋರಿಸಿ, "ನೀನು ತೆಗೆಯದಿದ್ದರೆ ಇದು ಸಾಯುತ್ತಿತ್ತು" ಅನ್ನುತ್ತಾರೆ. ನನಗೆ ಸಮಾಧಾನವಾಗಲಿ ಅಂತಲೇ ಹೇಳುವುದು, ಗೊತ್ತು. ಇವರ ಸ್ವಭಾವವೇ ಅದು, ಯಾರ ಮುಖ ಬಾಡಿದರೂ ತಡೆಯುವುದಿಲ್ಲ. ಆದರೆ ಅದು ತಾನಾಗಿ ಬರುತ್ತಿತ್ತೋ ಇಲ್ಲವೋ ಯಾರಿಗೆ ಗೊತ್ತು? ಅದರ ಪಕ್ಕದಲ್ಲಿದ್ದ ಮೂರು ಮಾತ್ರ ನನ್ನ ಕಣ್ಣೆದುರೇ ಒಣಗಿದವು. ನಾನು ಒಂದನ್ನೇ ನೋಡುತ್ತಿದ್ದೆ.

ಮಂಗಳವಾರ ರಾತ್ರಿ ನಿದ್ದೆ ಬರದೆ ಇನ್ನೊಂದು ನೆನಪಾಯಿತು. ಮಾರ್ಚ್‌ನಲ್ಲಿ ಮಗಳು ಎಸ್ಸೆಸ್ಸೆಲ್ಸಿಗೆ ಓದುತ್ತಿದ್ದಾಗ ನಾನು ಅರ್ಧ ಗಂಟೆಗೊಮ್ಮೆ ಅವಳ ರೂಮಿನ ಬಾಗಿಲು ತೆಗೆಯುತ್ತಿದ್ದೆ. ಹಾಲು ಬೇಕಾ, ಫ್ಯಾನ್ ಹಾಕಲಾ, ತಲೆನೋವಾ. ಪ್ರತಿ ಸಲವೂ ಅವಳು ಪುಸ್ತಕದಿಂದ ತಲೆ ಎತ್ತಿ ನಗುತ್ತಿದ್ದಳು. ಆ ನಗು ನೋಡಿ ನಾನು ನಿರಾಳವಾಗಿ ಅಡುಗೆಮನೆಗೆ ಹೋಗುತ್ತಿದ್ದೆ. ಅವಳು ನಗುತ್ತಿದ್ದದ್ದು ನನಗೋಸ್ಕರ. ಲೆಕ್ಕ ಅರ್ಧಕ್ಕೆ ಬಿಟ್ಟು, ಅಮ್ಮನಿಗೆ ಧೈರ್ಯ ಬರಲಿ ಅಂತ. ಬುಧವಾರ ಬೆಳಿಗ್ಗೆ ದೋಸೆ ಹಾಕುತ್ತಾ ಅವಳನ್ನೇ ಕೇಳಿದೆ, ಆವಾಗ ನಿಂಗೆ ತೊಂದರೆ ಆಗ್ತಿತ್ತಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹೂಂ, ಅಮ್ಮ" ಅಂದಳು. ಅಷ್ಟೇ. ನಾನು ಅವಳ ತಟ್ಟೆಗೆ ಇನ್ನೊಂದು ದೋಸೆ ಹಾಕಿದೆ.

ಆಚೆಮನೆ ಅಜ್ಜಿಯ ಹತ್ತಿರ ಈಗ ಒಂದು ಕಪ್ಪು ಹೇಂಟೆ ಕಾವಿಗೆ ಕೂತಿದೆ. ಒಲೆಯ ಹಿಂದೆ ಬಿದಿರು ಬುಟ್ಟಿ, ಒಣಹುಲ್ಲು, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಒಂದು ಕಬ್ಬಿಣದ ತುಂಡು, ಕೆಳಗೆ 11 ಮೊಟ್ಟೆ. ಮೊನ್ನೆ ಅಜ್ಜಿ ಅದರ ಹೊಟ್ಟೆಯಡಿಗೆ ಕೈ ಹಾಕಿ ಒಂದು ಮೊಟ್ಟೆ ತೆಗೆದು, ಕಣ್ಣು ಮುಚ್ಚಿ ರೆಪ್ಪೆಗೆ ಒತ್ತಿಕೊಂಡರು. ಕಾವು ಸರಿ ಇದೆ ಅಂದು ವಾಪಸ್ ಇಟ್ಟರು. ಈಜಿಪ್ಟಿನಲ್ಲಿ ಮಣ್ಣಿನ ಗೂಡುಗಳಲ್ಲಿ ಸಾವಿರಗಟ್ಟಲೆ ಮೊಟ್ಟೆಗೆ ಕಾವು ಕೊಡುವವರೂ ಹೀಗೇ ರೆಪ್ಪೆಗೆ ಮುಟ್ಟಿಸಿ ನೋಡುತ್ತಾರೆ ಅಂತ ಓದಿದ್ದೆ. ಅಜ್ಜಿಗೆ ಹೇಳಿದೆ. "ಮತ್ತೆ ಇನ್ನು ಹೇಗೆ ನೋಡೋದು?" ಅಂದರು.

ಅವತ್ತಿನಿಂದ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗುತ್ತಿದ್ದೇನೆ. ಬಾಗಿಲಲ್ಲೇ ನಿಂತು ನೋಡುತ್ತೇನೆ, ಹತ್ತಿರ ಹೋಗುವುದಿಲ್ಲ. ಹೇಂಟೆ ದಿನಕ್ಕೆ ಒಂದೇ ಸಲ ಏಳುತ್ತದೆ. ಕಾಳು ತಿಂದು, ನೀರು ಕುಡಿದು, ಬೂದಿಯಲ್ಲಿ ಒಂದು ಸಲ ಹೊರಳಾಡಿ ಓಡಿ ಬರುತ್ತದೆ. ಕೂರುವ ಮೊದಲು ಕೊಕ್ಕಿನಿಂದ ಒಂದೊಂದು ಮೊಟ್ಟೆಯನ್ನೂ ಮೆಲ್ಲಗೆ ತಿರುಗಿಸುತ್ತದೆ. ಆಮೇಲೆ ರೆಕ್ಕೆ ಅಗಲಿಸಿ ಮುಚ್ಚಿಕೊಳ್ಳುತ್ತದೆ. ಅದರ ಕೊನೆಯ ಮೂರು ದಿನ ಮುಂದಿನ ವಾರ ಬರುತ್ತವೆ. ಇವತ್ತು 14 ನಿಮಿಷ ಹೊರಗಿತ್ತು.