ಶೊಶೋನ್ ಸರೋವರಕ್ಕೆ ಹೊರಟಿದ್ದೀರಾ? ಗಾಳಿ ಏಳೋ ಮೊದಲೇ ನೀರಿಗಿಳಿಯಿರಿ

ಅಮೆರಿಕದ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್‌ಗೆ ಹೋದವರು ಓಲ್ಡ್ ಫೇತ್‌ಫುಲ್ ಅನ್ನೋ ಬಿಸಿನೀರ ಬುಗ್ಗೆ ಚಿಮ್ಮೋದನ್ನು ನೋಡಿ ವಾಪಸ್ ಬರುತ್ತಾರೆ. ಅದೇ ಪಾರ್ಕಿನ ಶೊಶೋನ್ ಸರೋವರಕ್ಕೆ ರಸ್ತೆಯೇ ಇಲ್ಲ. ನಡೆಯಬೇಕು, ಇಲ್ಲಾ ಹುಟ್ಟು ಹಾಕಬೇಕು. ನಾನೂ ಗೆಳೆಯನೂ ಕೆನೂ ದೋಣಿಯಲ್ಲಿ ಹೋಗಿ ಮೂರು ರಾತ್ರಿ ಇದ್ದು ಬಂದೆವು.

ಲೂಯಿಸ್ ಸರೋವರದಲ್ಲಿ ದೋಣಿ ಇಳಿಸಿ, ಅದನ್ನು ದಾಟಿ, ಎರಡೂ ಸರೋವರಗಳನ್ನು ಸೇರಿಸುವ ಹೊಳೆಯಲ್ಲಿ ಎದುರು ಹರಿವಿಗೆ ಹೋಗಬೇಕು. ಹೊಳೆಯಿಂದ ಮುಂದೆ ಮೋಟಾರ್ ದೋಣಿಗೆ ಪ್ರವೇಶವಿಲ್ಲ.

ನಾವು ಮಾಡಿದ ತಪ್ಪು ಮೊದಲೇ ಹೇಳಿಬಿಡ್ತೀನಿ. ಟೀ ಮಾಡಿಕೊಂಡು, ಸಾಮಾನು ಕಟ್ಟಿಕೊಂಡು ನೀರಿಗಿಳಿದಾಗ ಹತ್ತೂವರೆ. ಸ್ವಲ್ಪ ಹೊತ್ತಿಗೇ ನೈಋತ್ಯದ ಗಾಳಿ ಎದ್ದಿತು. ಅಲೆ ದೋಣಿಯೊಳಗೆ ಹಾರತೊಡಗಿತು. ಹೇಗೋ ದಡ ಸೇರಿ, ಸಂಜೆವರೆಗೆ ಮರದ ಕೆಳಗೆ ಸುಮ್ನೆ ಕೂತೆವು. ಬೇಸಿಗೆಯಲ್ಲೂ ಶೊಶೋನ್ ನೀರು ಸರಾಸರಿ 9 ಡಿಗ್ರಿ ಸೆಲ್ಸಿಯಸ್ ಅಷ್ಟೆ. ಬಿದ್ದರೆ ಕೈಕಾಲು ಆಡೋದು ಬೇಗ ನಿಂತುಹೋಗುತ್ತದೆ. ಲೈಫ್ ಜಾಕೆಟ್ ಬಿಚ್ಚಲೇಬೇಡಿ. ನಡುನೀರಿಗೆ ಹೋಗದೆ ದಡ ಹಿಡಿದು ಸಾಗಿ. ಆಚೆ ದಡಕ್ಕೆ ಹೋಗಲೇಬೇಕಿದ್ದರೆ ಸರೋವರ ಕಿರಿದಾಗುವ ಕಡೆಯೇ ದಾಟಿ.

ಹೊಳೆಯ ಕೊನೆಯ ಭಾಗದಲ್ಲಿ ಹುಟ್ಟು ನಡೆಯೋದಿಲ್ಲ. ಕೆಳಗಿಳಿದು ಹಗ್ಗ ಹಿಡಿದು ಎಳೆಯಬೇಕು. ಒಬ್ಬ ಮುಂದೆ ಎಳೆದರೆ ಇನ್ನೊಬ್ಬ ಹಿಂದಿನಿಂದ ತಳ್ಳೋದು. ಮೊಣಕಾಲಿದ್ದ ನೀರು ಒಮ್ಮೆಲೇ ತೊಡೆಗೆ ಬರುತ್ತದೆ, ಪಾಚಿಗಲ್ಲು ಜಾರುತ್ತದೆ. ಹತ್ತು ನಿಮಿಷಕ್ಕೆ ನನ್ನ ಕಾಲ್ಬೆರಳು ಇವೆಯೋ ಇಲ್ಲವೋ ಗೊತ್ತಾಗಲಿಲ್ಲ. ಕಾಲಿಗೆ ಬಿಗಿಯಾದ, ಹಿಡಿತ ಇರುವ ಹಳೇ ಶೂ ಸಾಕು. ಫೆಲ್ಟ್ (ಒತ್ತಿದ ಉಣ್ಣೆಯಂಥ ಬಟ್ಟೆ) ಅಡಿಯ ಶೂಗೆ ಪಾರ್ಕಿನಲ್ಲಿ ನಿಷೇಧವಿದೆ.

ಕ್ಯಾಂಪ್‌ಗೂ ದೋಣಿಗೂ ಬೇರೆ ಬೇರೆ ಪರ್ಮಿಟ್ ಬೇಕು. ದೋಣಿಯ ತಪಾಸಣೆಯೂ ಇರುತ್ತದೆ. ಶೊಶೋನ್ ದಡದ ಕ್ಯಾಂಪ್‌ಗಳಲ್ಲಿ ಸೌದೆ ಬೆಂಕಿ ಹಾಕುವಂತಿಲ್ಲ. ಸ್ಟೌವ್ ಒಯ್ಯಿರಿ.

ಕರಡಿ ಸ್ಪ್ರೇ ಸೊಂಟದಲ್ಲೇ ಇರಲಿ, ಬ್ಯಾಗಿನ ತಳದಲ್ಲಲ್ಲ. ತಿಂಡಿ, ಟೂತ್‌ಪೇಸ್ಟ್ ಹೀಗೆ ವಾಸನೆ ಬರೋದೆಲ್ಲ ಕರಡಿಗೆ ಎಟುಕದಂತೆ ಕ್ಯಾಂಪಿನ ಕಂಬಕ್ಕೆ ನೇತುಹಾಕಬೇಕು. ನಾವೂ ಹಾಕಿದ್ದೆವು. ಮಲಗಿದ ಮೇಲೆ ಗೆಳೆಯನ ಜೇಬಿನಿಂದ ಬೆಳ್ಳುಳ್ಳಿ ಚಟ್ನಿಪುಡಿ ಘಮ್ಮಂತು! ಟಾರ್ಚ್ ಹಿಡಿದು, ಜೋರಾಗಿ ಮಾತಾಡುತ್ತಾ ಹೋಗಿ ಜಾಕೆಟ್ ಸಮೇತ ನೇತುಹಾಕಿ ಬಂದೆವು.

ಪಶ್ಚಿಮ ತುದಿಯ ಬಿಸಿನೀರ ಬುಗ್ಗೆಗಳನ್ನು ಬಿಡಬೇಡಿ. ಅಲ್ಲಿ ಹಲಗೆ ದಾರಿಯಿಲ್ಲ, ಕಟಕಟೆಯಿಲ್ಲ. ಕಾಲ ಕೆಳಗೆ ಗುಡುಗುಡು ಸದ್ದು, ಗಂಧಕದ ವಾಸನೆ. ಬೆಳ್ಳಗೆ ಕಾಣುವ ನೆಲ ಹಪ್ಪಳದಷ್ಟು ತೆಳುವಾಗಿರಬಹುದು, ಕೆಳಗೆ ಕುದಿಯುವ ನೀರು. ಕಾಲುದಾರಿ ಬಿಟ್ಟು ಒಂದು ಹೆಜ್ಜೆಯೂ ಬೇಡ.

ವಾಪಸ್ ಬರುವ ದಿನ ಐದೂವರೆಗೇ ದೋಣಿ ಇಳಿಸಿದೆವು. ಟೀ ಕುಡಿದದ್ದು ಲೂಯಿಸ್ ದಾಟಿ, ಕಾರಿನ ಪಕ್ಕ ನಿಂತು.