ಬೆಲ್ಟಿನ ಮೇಲೆ ಕೂಗಿದ ಯಂತ್ರ ಪ್ಯಾಕೆಟ್ಟಿಗೆ ಕೂಗಲಿಲ್ಲ

ಕುಶಾಲನಗರದ ಹತ್ತಿರ ಒಂದು ಮಸಾಲೆ ಪುಡಿ ಘಟಕದಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಿದ್ದೆ. ಕೊಡಗಿನ ಕಕ್ಕಡ ತಿಂಗಳ ಮಳೆಯ ದಿನಗಳು. ಹೋಟೆಲಿನವರೊಬ್ಬರು ಪಂದಿಕರಿ ಮಸಾಲೆಯ ಒಂದು ಕೆಜಿ ಪ್ಯಾಕೆಟ್ ವಾಪಸ್ ತಂದರು. ಪುಡಿಯಲ್ಲಿ ಜರಡಿಯ ಸ್ಟೀಲ್ ತಂತಿಯ ತುಂಡು, ಅಕ್ಕಿಕಾಳಿನಷ್ಟು ಉದ್ದ. ಯಾರ ಬಾಯಿಗೂ ಹೋಗಿರಲಿಲ್ಲ, ಪುಣ್ಯ.

ಬೆಲ್ಟಿನ ಮೇಲೆ ಹಾಯುವ ಪ್ಯಾಕೆಟ್ಟಿನಲ್ಲಿ ಲೋಹವಿದ್ದರೆ ಕೂಗಿ, ಅದನ್ನು ಪಕ್ಕದ ಡಬ್ಬಿಗೆ ತಳ್ಳುವ ಯಂತ್ರ ಮೆಟಲ್ ಡಿಟೆಕ್ಟರ್. ನಮ್ಮ ಪುಸ್ತಕದಲ್ಲಿ ಗಂಟೆಗೊಮ್ಮೆ ಅದರ ಪರೀಕ್ಷೆ, ಎಲ್ಲಾ ಸರಿ ಅಂತ ಸಹಿ. ಕಬ್ಬಿಣ 1.5, ಹಿತ್ತಾಳೆ 2, ಸ್ಟೇನ್‌ಲೆಸ್ ಸ್ಟೀಲ್ 2.5 ಮಿ.ಮೀ. ಗುಂಡುಗಳಿದ್ದ ಟೆಸ್ಟ್ ಪೀಸ್‌ಗಳನ್ನು ಖಾಲಿ ಬೆಲ್ಟಿನ ಮೇಲಿಟ್ಟು ಕಳಿಸುತ್ತಿದ್ದೆವು. ಪ್ರತಿ ಸಲವೂ ಕೂಗುತ್ತಿತ್ತು.

ಅವತ್ತು ಅವನ್ನು ಒಂದೊಂದಾಗಿ ಪ್ಯಾಕೆಟ್ಟಿನ ನಡುವೆ, ಪುಡಿಯೊಳಗೇ ಹುದುಗಿಸಿ ಬಿಟ್ಟೆ. ಕಬ್ಬಿಣಕ್ಕೆ ಕೂಗಿತು, ಹಿತ್ತಾಳೆಗೂ ಕೂಗಿತು. ಸ್ಟೀಲಿಗೆ ಮೌನ. ಮೂರು ಸಲ ಬಿಟ್ಟರೂ ಅಷ್ಟೇ.

ಯಂತ್ರದ ಕಿಂಡಿಯ ಸುತ್ತ ಕಾಯಿಲ್‌ಗಳಿರುತ್ತವೆ. ಬೆಲ್ಟಿಗೆ ಅಂಟಿಕೊಂಡು ಅಂಚಿಗೆ ಹತ್ತಿರ ಹೋದದ್ದು ಬೇಗ ಸಿಗುತ್ತದೆ, ಸರಿಯಾಗಿ ನಡುವೆ ಹೋದದ್ದು ಸಿಗುವುದು ಕಷ್ಟ. ಸ್ಟೇನ್‌ಲೆಸ್ ಸ್ಟೀಲಂತೂ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ವಿದ್ಯುತ್ತನ್ನೂ ಅಷ್ಟಾಗಿ ಹರಿಸುವುದಿಲ್ಲ. ನಮ್ಮ ಜರಡಿ, ಬ್ಲೇಡು ಎಲ್ಲವೂ ಅದರದ್ದೇ ಅಲ್ವಾ? ತಂತಿಯದು ಇನ್ನೂ ಕಷ್ಟ. ಯಾವ ದಿಕ್ಕಿಗೆ ಮಲಗಿದೆ ಅನ್ನುವುದರ ಮೇಲೆ, ಗುಂಡು ಸಿಕ್ಕ ಕಡೆ ತಂತಿ ತಪ್ಪಿಸಿಕೊಳ್ಳಬಹುದು.

ಆಪರೇಟರ್ ಹೇಳಿದ್ದು ಕೇಳಿ ಮುಖ್ಯ ಕಾರಣ ಗೊತ್ತಾಯಿತು. "ಸರ್, ಮಳೆ ಶುರುವಾದ ಮೇಲೆ ಸುಮ್ನೆ ಕೂಗ್ತಿತ್ತು. ಒಳ್ಳೆ ಪ್ಯಾಕೆಟ್ಟೆಲ್ಲ ಬೀಳ್ತಿತ್ತು. ಅದಕ್ಕೇ ಸೆಟ್ಟಿಂಗ್ ಇಳಿಸಿದ್ದು." ಅಂದರೆ ಯಂತ್ರದ ಸೂಕ್ಷ್ಮತೆಯನ್ನೇ ಕಡಿಮೆ ಮಾಡಿದ್ದ. ಮಸಾಲೆಯಲ್ಲಿ ಉಪ್ಪಿದೆ. ಅದು ತೇವ ಎಳೆದುಕೊಂಡರೆ ಪುಡಿಯೇ ಯಂತ್ರಕ್ಕೆ ಲೋಹದ ಹಾಗೆ ಕಾಣುತ್ತದೆ. ಅವನನ್ನು ಬೈಯಲು ಮನಸ್ಸಾಗಲಿಲ್ಲ. ಕೂಗಿದರೆ ಯಾರಿಗೆ ಹೇಳಬೇಕು ಅಂತ ನಾನೇ ತಿಳಿಸಿರಲಿಲ್ಲ.

ಸೆಟ್ಟಿಂಗ್ ಯಾವತ್ತು ಇಳಿಸಿದ್ದು ಅನ್ನುವುದು ಯಾರಿಗೂ ನೆನಪಿರಲಿಲ್ಲ. ಹಾಗಾಗಿ ಗೋಡೌನಿನಲ್ಲಿದ್ದ ಆ ಮಸಾಲೆಯನ್ನೆಲ್ಲ ತಡೆದು, ಯಂತ್ರ ಸರಿಮಾಡಿದ ಮೇಲೆ ಇನ್ನೊಮ್ಮೆ ಹಾಯಿಸಿದೆವು. ಎರಡು ದಿನ ಹೋಯಿತು.

ಆಮೇಲೆ ಟೆಸ್ಟ್ ಪೀಸನ್ನು ಪ್ಯಾಕೆಟ್ಟಿನ ಮುಂದೆ, ನಡುವೆ, ಹಿಂದೆ ಇಟ್ಟು ನೋಡತೊಡಗಿದೆವು. ಹಿಂದಿಟ್ಟಾಗ ಗಂಟೆಯೇನೋ ಹೊಡೆಯಿತು, ಆದರೆ ತಳ್ಳುವ ಕೈ ತಡವಾಗಿ ಬಂದು ಪಕ್ಕದ ಪ್ಯಾಕೆಟ್ಟನ್ನು ಡಬ್ಬಿಗೆ ಬೀಳಿಸಿತು! ಅದರ ಟೈಮಿಂಗ್ ಸರಿಮಾಡಿಸಿದೆವು. ಈಗ ಸದ್ದು ಕೇಳಿದರೆ ಸಾಲದು, ಟೆಸ್ಟ್ ಪ್ಯಾಕೆಟ್ಟೇ ಡಬ್ಬಿಗೆ ಬಿದ್ದದ್ದನ್ನು ಕಣ್ಣಾರೆ ನೋಡಿ ಸಹಿ ಹಾಕಬೇಕು. ಸೆಟ್ಟಿಂಗ್‌ಗೆ ಪಾಸ್‌ವರ್ಡ್ ಇದೆ. ಶಿಫ್ಟಿಗೆ ಮೊದಲೂ ಆಮೇಲೂ ಜರಡಿ ಬಿಚ್ಚಿ, ಬಲ್ಬಿನ ಎದುರು ಹಿಡಿದು, ಎಳೆ ಕಿತ್ತಿದೆಯಾ ಅಂತ ಆ ಆಪರೇಟರೇ ನೋಡುತ್ತಾನೆ.