ಕಟ್ಟೆಮನೆಗೆ ಹೋಗುವ ಮುನ್ನ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ದೇವರ ಎತ್ತುಗಳ (ದೇವರ ಹೆಸರಿಗೆ ಬಿಟ್ಟು ಸಾಕುವ ಎತ್ತುಗಳು) ಮೇವಿಗೆಂದು ಸಮಿತಿ ಕಟ್ಟುವವರು ಮೊದಲು ಮ್ಯಾಸನಾಯಕ ಸಮುದಾಯದ ಕಟ್ಟೆಮನೆಯ, ಅಂದರೆ ಹಿರಿಯರು ಕೂಡಿ ತೀರ್ಮಾನ ಮಾಡುವ ಸಾಂಪ್ರದಾಯಿಕ ಕೇಂದ್ರದ, ಯಜಮಾನರನ್ನು ಕಾಣಬೇಕು. ಅವರನ್ನು ಬಿಟ್ಟು ಓದಿದ ಹುಡುಗರನ್ನೇ ಅಧ್ಯಕ್ಷರನ್ನಾಗಿ ಮಾಡಿದರೆ ಕೆಲಸ ಅಲ್ಲೇ ಕೆಡುತ್ತದೆ. ಹಿರಿಯರು ಬೇಡ ಎನ್ನುವುದಿಲ್ಲ, ಸಭೆಗೆ ಬರುವುದಿಲ್ಲ, ಅಷ್ಟೆ.

ನನ್ನಿವಾಳದಂಥ ಕಟ್ಟೆಮನೆಗೆ ಎಲೆ ಅಡಿಕೆ ಹಿಡಿದು ಹೋಗಿ. ಒಂದೇ ಭೇಟಿಗೆ ಸಹಿ ಕೇಳಬೇಡಿ. ಗುಡಿಕಟ್ಟಿನವರು, ಅಂದರೆ ಒಂದೇ ದೇವರ ಗುಡಿಗೆ ಸೇರಿದವರು, ಕೂಡಿ ಮಾತಾಡಬೇಕು. ಎತ್ತಿನ ಗೂಡಿನ ಹತ್ತಿರ ಚಪ್ಪಲಿ ಬಿಡಿ, ಎತ್ತು ಕಾಯುವ ಕಿಲಾರಿ ಕರೆಯದೆ ಒಳಗೆ ಕಾಲಿಡಬೇಡಿ, ಕೇಳದೆ ಫೋಟೊ ತೆಗೆಯಬೇಡಿ. ಸಭೆಗೆ ಊಟ ಇಟ್ಟರೆ ಕೋಳಿ ಬೇಡವೇ ಬೇಡ, ಮ್ಯಾಸರಿಗೆ ಅದು ನಿಷಿದ್ಧ.

ಮುಖ್ಯವಾಗಿ, ಕಿಲಾರಿಗೆ ಸಮಿತಿಯಲ್ಲಿ ಜಾಗ ಇರಲೇಬೇಕು. ಮೇವು ಯಾವಾಗ ತೀರುತ್ತದೆ ಎಂಬುದು ದಿನವೂ ಎತ್ತು ಹೊಡೆಯುವವನಿಗೇ ಗೊತ್ತು.